ಜಗತ್ತಿನ ಜಗಳ, ನಮ್ಮೂರ ಮಕ್ಕಳು

ಪ್ರೌಢಶಾಲೆಯ ಸಮಾಜ ಪಾಠದಲ್ಲಿ ವಿಶ್ವಸಂಸ್ಥೆಯ ವಿಷಯ ಬರುತ್ತದೆ. 1945ರ ಅಕ್ಟೋಬರ್ 24ರಂದು ಸ್ಥಾಪನೆ, ಭದ್ರತಾ ಮಂಡಳಿಗೆ 15 ಸದಸ್ಯ ರಾಷ್ಟ್ರಗಳು, ಅವುಗಳಲ್ಲಿ 5 ಕಾಯಂ, ಶಾಂತಿ ಪಡೆಯವರಿಗೆ ನೀಲಿ ಟೋಪಿ. ಮಗು ಇದನ್ನು ಬಾಯಿಪಾಠ ಮಾಡುತ್ತದೆ, ಪರೀಕ್ಷೆಯಲ್ಲಿ ಬರೆಯುತ್ತದೆ, ಬೇಸಿಗೆ ರಜೆ ಮುಗಿಯುವುದರೊಳಗೆ ಮರೆಯುತ್ತದೆ. ತೆಲಂಗಾಣದ ಹತ್ತನೆಯ ತರಗತಿಯ ಪುಸ್ತಕದಲ್ಲಿ ಎರಡು ಮಹಾಯುದ್ಧಗಳ ಕಥೆಯೂ ಉಂಟು, ಯುದ್ಧಾನಂತರದ ಜಗತ್ತಿನ ಕಥೆಯೂ ಉಂಟು. ಸಿರ್ಗಾಪುರದ ಮಗು ಅದನ್ನು ತೆಲುಗಿನಲ್ಲಿ ಓದಿ, ಮನೆಗೆ ಬಂದು ಅಜ್ಜಿಯೊಡನೆ ಕನ್ನಡದಲ್ಲಿ ಮಾತನಾಡುತ್ತದೆ. ಶಾಲೆಯಲ್ಲಿ ಓದಿದ ಜಗಳ ಮನೆಯ ಭಾಷೆಗೆ ಇಳಿಯುವುದೇ ಇಲ್ಲ. ಎಲ್ಲೋ ದೂರದ ದೇಶದವರು ಹೊಡೆದಾಡಿದರು, ಮತ್ತಾರೋ ಬಿಡಿಸಿದರು, ನಮಗೇನು?

ಸದ್ಭಕ್ತರಲ್ಲಿ ಅನೇಕರು ಕೇಳುವ ಪ್ರಶ್ನೆಯೂ ಇದೇ. ಒಕ್ಕಲುತನ ಮಾಡುವವನ ಮಗನಿಗೆ, ಅಂಗಡಿಯಲ್ಲಿ ಕೂಡುವವನ ಮಗಳಿಗೆ ಪರದೇಶದ ಯುದ್ಧದ ಪಾಠ ಏಕೆ ಬೇಕು? ಇದಕ್ಕೆ ಸುಲಭವಾದ ಉತ್ತರವೊಂದಿದೆ. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧ ಹೂಡಿದ ಬಳಿಕ ಸೂರ್ಯಕಾಂತಿ ಎಣ್ಣೆಯ ಧಾರಣೆ ಏನಾಯಿತೆಂಬುದು ಕಿರಾಣಿ ಅಂಗಡಿಯವರಿಗೆ ಗೊತ್ತು. ನಾವು ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಪೂರ್ತಿ ಹೊರಗಿನಿಂದಲೇ ಬರತಕ್ಕದ್ದು, ಅದರಲ್ಲಿ ರಷ್ಯಾ ಮತ್ತು ಬೆಲಾರುಸ್ ದೇಶಗಳ ಪಾಲು ಸಣ್ಣದಲ್ಲ. ಇನ್ನು ತೊಗರಿಯ ಮಾತು. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತೆಂದು ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಮಳೆ ಕೈಕೊಟ್ಟ ವರ್ಷ ದೇಶದ ಬೇಳೆ ಗಿರಣಿಗಳಿಗೆ ಮೊಜಾಂಬಿಕ್‌ನಿಂದಲೂ ತೊಗರಿ ಬರುತ್ತದೆ. 2016ರಲ್ಲಿ ನಮ್ಮ ಸರ್ಕಾರ ಆ ದೇಶದೊಡನೆ ಬೇಳೆಕಾಳಿಗಾಗಿಯೇ ಒಪ್ಪಂದ ಮಾಡಿಕೊಂಡಿತು. ಆ ಮೊಜಾಂಬಿಕ್ 1977ರಿಂದ 1992ರವರೆಗೆ ಅಂತರ್ಯುದ್ಧದಲ್ಲಿ ಬೆಂದ ನಾಡು. 1992ರ ಅಕ್ಟೋಬರಿನಲ್ಲಿ ರೋಮ್ ನಗರದಲ್ಲಿ ರಾಜಿಯಾಯಿತು. ವಿಶ್ವಸಂಸ್ಥೆಯ ಪಡೆ ಹೋಗಿ ನಿಂತಿತು, ಅದರಲ್ಲಿ ನಮ್ಮ ದೇಶದ ಸೈನಿಕರೂ ಇದ್ದರು. 1994ರಲ್ಲಿ ಚುನಾವಣೆ ನಡೆಯಿತು, ಪಡೆ ಮರಳಿ ಬಂದಿತು. ಅಲ್ಲಿ ಬಿತ್ತನೆ ನಡೆಯಬೇಕಾದರೆ ಮೊದಲು ಬಂದೂಕು ಕೆಳಗಿಳಿಯಬೇಕಾಯಿತು.

ಧಾರಣೆಯ ಲೆಕ್ಕವನ್ನು ಇಷ್ಟಕ್ಕೇ ಬಿಡೋಣ. ಧಾರಣೆಗಾಗಿಯೇ ಈ ಪಾಠವೆಂದಾದರೆ ಅದನ್ನು ಪೇಟೆಯೇ ಕಲಿಸುತ್ತದೆ, ಮೇಷ್ಟ್ರು ಬೇಕಾಗಿಲ್ಲ. ಶಾಲೆ ಕಲಿಸಬೇಕಾದದ್ದು ಬೇರೆ: ಜಗಳ ಹೇಗೆ ಹುಟ್ಟುತ್ತದೆ, ನಡುವೆ ನಿಲ್ಲುವವನ ಧರ್ಮವೇನು, ಜಗಳ ಮುಗಿದ ಮೇಲೆ ಅದರ ಕಥೆಯನ್ನು ಹೇಗೆ ಹೇಳಬೇಕು. ಈ ಮೂರನೆಯದೇ ಎಲ್ಲಕ್ಕಿಂತ ಕಠಿಣವೆಂದು ನಮ್ಮ ಅಭಿಪ್ರಾಯ.

ನಡುವೆ ನಿಲ್ಲುವುದು ನಮಗೆ ಹೊಸದಲ್ಲ. ಬದುವಿನ ಜಗಳ ಕಾಣದ ಊರು ಯಾವುದಿದೆ? ಅಣ್ಣತಮ್ಮಂದಿರು ಒಂದು ಗೇಣು ಬದುವಿಗಾಗಿ ಕುಡುಗೋಲು ಹಿಡಿದು ನಿಂತಾಗ ನಾಲ್ಕು ಜನ ಹಿರಿಯರು ಹೋಗಿ ನಡುವೆ ನಿಲ್ಲುತ್ತಾರೆ. ಬಾಂದುಗಲ್ಲು ಎಲ್ಲಿತ್ತೆಂದು ಆ ಹೊತ್ತಿನಲ್ಲಿ ತೀರ್ಮಾನಿಸುವುದಿಲ್ಲ. ಮೊದಲು ಕುಡುಗೋಲು ಕೆಳಗಿಡಿಸುತ್ತಾರೆ. ಮೋಜಣಿಯವರು ಬಂದು ಅಳೆಯುವುದು ಆಮೇಲೆ. ವಿಶ್ವಸಂಸ್ಥೆಯ ಶಾಂತಿ ಪಡೆಯ ಮೂರು ಕಟ್ಟಳೆಗಳೂ ಹೆಚ್ಚುಕಡಿಮೆ ಇವೇ: ಇಬ್ಬರ ಒಪ್ಪಿಗೆಯಿಂದ ಹೋಗಬೇಕು, ಯಾರ ಪಕ್ಷವನ್ನೂ ಹಿಡಿಯಬಾರದು, ತನ್ನ ರಕ್ಷಣೆಗೂ ಒಪ್ಪಿಸಿದ ಕೆಲಸದ ರಕ್ಷಣೆಗೂ ಹೊರತು ಆಯುಧ ಎತ್ತಬಾರದು. ಈ ಮಾತನ್ನು ಬದುವಿನ ಮೇಲೆ ನಿಲ್ಲಿಸಿ ಹೇಳಿದರೆ ಎಂಟನೆಯ ತರಗತಿಯ ಮಗುವಿಗೂ ತಿಳಿದೀತು.

ಒಂದು ಕಾಕತಾಳೀಯ ಸಂಗತಿಯನ್ನು ಮೇಷ್ಟ್ರುಗಳು ಗಮನಿಸಬೇಕು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ಬೀದರ ಜಿಲ್ಲೆಯಲ್ಲಿದ್ದ ನಾರಾಯಣಖೇಡ ಮತ್ತು ಜಹೀರಾಬಾದ ಭಾಗಗಳು ಆಂಧ್ರಪ್ರದೇಶದ ಮೇದಕ ಜಿಲ್ಲೆಗೆ ಹೋದವು. ಗುಲಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು, ಕೊಡಂಗಲ್ ಕೂಡ ಆಂಧ್ರಕ್ಕೆ ಸೇರಿದವು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ಪ್ರಾಂತಕ್ಕೆ ಹೋದವು. ಅದೇ ವಾರದಲ್ಲಿ ಈಜಿಪ್ಟಿನ ಸೂಯೆಜ್ ಕಾಲುವೆಗಾಗಿ ಯುದ್ಧ ನಡೆದಿತ್ತು. ಅದನ್ನು ನಿಲ್ಲಿಸಲು ವಿಶ್ವಸಂಸ್ಥೆ ತನ್ನ ಮೊಟ್ಟಮೊದಲ ಸಶಸ್ತ್ರ ಶಾಂತಿ ಪಡೆಯನ್ನು ಕಟ್ಟಿತು. ನೀಲಿ ಟೋಪಿ ಹುಟ್ಟಿದ್ದು ಆಗಲೇ. ಭಾರತದ ಪಡೆಯೂ ಅಲ್ಲಿ ಹೋಗಿ ನಿಂತಿತು. ಒಂದು ಕಡೆ ಗಡಿಗಾಗಿ ಸೈನ್ಯ ಬೇಕಾಯಿತು. ಇನ್ನೊಂದು ಕಡೆ, ಅಂದರೆ ನಮ್ಮಲ್ಲಿ, ಆಯೋಗ ವರದಿ ಕೊಟ್ಟಿತು, ಸಂಸತ್ತು ಕಾಯದೆ ಮಾಡಿತು, ಗಡಿ ಸರಿಯಿತು. ಅದರಿಂದ ನಮಗೆ ಕಷ್ಟವಾಗಲಿಲ್ಲವೆಂದು ನಾವು ಹೇಳುವುದಿಲ್ಲ. ಕನ್ನಡ ಶಾಲೆಗಳು ಸೊರಗಿದವು, ಕಚೇರಿಯ ಭಾಷೆ ಬದಲಾಯಿತು, ಬೀಗರೂರು ಬೇರೆ ರಾಜ್ಯವಾಯಿತು. ಆ ನೋವು ಈಗಲೂ ಇದೆ. ಆದರೆ ಸಿರ್ಗಾಪುರದಿಂದ ಬೀದರಕ್ಕೆ ಹೋಗುವ ರೈತ ಎಲ್ಲಿಯೂ ಮುಳ್ಳುತಂತಿ ದಾಟುವುದಿಲ್ಲ. ಬೀದರ, ಮೇದಕ, 2016ರಿಂದ ಸಂಗಾರೆಡ್ಡಿ. ನಿಜಾಮರ ರಾಜ್ಯ, ಆಂಧ್ರ, 2014ರಿಂದ ತೆಲಂಗಾಣ. ಕೂತಲ್ಲೇ ಕೂತು ಇಷ್ಟು ಸರ್ಕಾರ ಕಂಡ ಹಿರಿಯರು ನಮ್ಮಲ್ಲಿದ್ದಾರೆ. ಇದನ್ನು ಮಗುವಿಗೆ ಹೇಳುವಾಗ ಸೈಪ್ರಸ್ ದ್ವೀಪದ ಕಥೆಯನ್ನೂ ಜೊತೆಗೆ ಹೇಳಬೇಕು.

ಸೈಪ್ರಸ್ ಎಂದೊಡನೆ ಕನ್ನಡ ನಾಡಿನವರಿಗೆ ನೆನಪಾಗಬೇಕಾದವರು ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರು. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದವರು. ಕೊರಿಯಾದಲ್ಲಿ 1953ರ ಜುಲೈನಲ್ಲಿ ಯುದ್ಧ ನಿಂತಾಗ, ತಮ್ಮ ದೇಶಕ್ಕೆ ಮರಳಿ ಹೋಗಲು ಒಪ್ಪದ ಸೆರೆಯಾಳುಗಳನ್ನು ಏನು ಮಾಡಬೇಕೆಂಬ ತೊಡಕು ಎದ್ದಿತು. ಒಂದು ಕಡೆ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು, ಮತ್ತೊಂದು ಕಡೆ ಮುನ್ನೂರೈವತ್ತರ ಮೇಲೆ. ಅವರ ವಿಚಾರಣೆಗಾಗಿ ಐದು ತಟಸ್ಥ ರಾಷ್ಟ್ರಗಳ ಆಯೋಗವಾಯಿತು, ಅದಕ್ಕೆ ತಿಮ್ಮಯ್ಯನವರು ಅಧ್ಯಕ್ಷರು. ಕೈದಿಗಳನ್ನು ಕಾಯುವ ಭಾರತೀಯ ಪಡೆಗೆ ಕೊಲ್ಹಾಪುರ ಕಡೆಯ ಜನರಲ್ ಥೋರಾತರು ಮುಖ್ಯಸ್ಥರು. ಎರಡು ಕಡೆಯವರೂ ಭಾರತದ ಮೇಲೆ ಸಂಶಯಪಟ್ಟರು. ಇವರು ಅವರ ಕಡೆಯವರೆಂದು ಇವರೂ, ಇವರ ಕಡೆಯವರೆಂದು ಅವರೂ ದೂರಿದರು. ಕೈದಿಗಳೇ ಕಲ್ಲೆಸೆದರು, ಒಮ್ಮೆ ಒಬ್ಬ ಭಾರತೀಯ ಅಧಿಕಾರಿಯನ್ನು ಹಿಡಿದಿಟ್ಟುಕೊಂಡರು. ಥೋರಾತರು ಆವರಣದೊಳಗೆ ತಾವೇ ಹೋಗಿ ಅವರನ್ನು ಬಿಡಿಸಿಕೊಂಡು ಬಂದರು. ಊರ ಪಂಚಾಯಿತಿಯಲ್ಲಿ ಕೂತವರಿಗೆ ಇದರ ರುಚಿ ಗೊತ್ತಿದೆ. ನಡುವೆ ನಿಂತವನಿಗೆ ಇಬ್ಬರೂ ಬೈಯುತ್ತಾರೆ. ಒಬ್ಬರು ಹೊಗಳಿ ಒಬ್ಬರು ಬೈದರೆ ಎಲ್ಲೋ ತಕ್ಕಡಿ ವಾಲಿದೆ ಎಂದು ಅನುಮಾನಪಡಬೇಕು.

1964ರಲ್ಲಿ ಗ್ರೀಕರೂ ತುರ್ಕರೂ ಹೊಡೆದಾಡುತ್ತಿದ್ದ ಸೈಪ್ರಸ್ಸಿಗೆ ವಿಶ್ವಸಂಸ್ಥೆಯ ಪಡೆ ಹೋಯಿತು. ಅದೇ ವರ್ಷ ತಿಮ್ಮಯ್ಯನವರು ಅದರ ಸೇನಾಪತಿಗಳಾದರು. 1965ರ ಡಿಸೆಂಬರ್ 18ರಂದು ಅಲ್ಲಿಯೇ, ಕೆಲಸದಲ್ಲಿದ್ದಾಗಲೇ, ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಆ ದೇಶ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ಪರದೇಶದ ಎರಡು ಪಂಗಡಗಳ ನಡುವೆ ನಿಂತು ಪ್ರಾಣ ಬಿಟ್ಟ ಕನ್ನಡ ನಾಡಿನ ಮನುಷ್ಯ ಎಂದು ನಮ್ಮ ಮಕ್ಕಳಿಗೆ ಅವರ ಹೆಸರು ಹೇಳುವವರು ಕಡಿಮೆ. ಹೇಳುವಾಗ ಇದನ್ನೂ ಸೇರಿಸಿ ಹೇಳಬೇಕು: ಅಲ್ಲಿನ ಜಗಳ ಇನ್ನೂ ತೀರಿಲ್ಲ. 1974ರಲ್ಲಿ ತುರ್ಕಿಯ ಸೈನ್ಯ ಇಳಿದ ಮೇಲೆ ದ್ವೀಪ ಎರಡಾಯಿತು, ರಾಜಧಾನಿಯ ನಡುವೆಯೇ ಗಡಿಗೆರೆ ಬಿದ್ದಿತು, ಅರವತ್ತು ವರ್ಷ ದಾಟಿದರೂ ಆ ಪಡೆ ಅಲ್ಲಿಂದ ಎದ್ದು ಬಂದಿಲ್ಲ. ಕುಡುಗೋಲು ಕೆಳಗಿಳಿದಿದೆ, ಬದು ಇತ್ಯರ್ಥವಾಗಿಲ್ಲ.

ಸೋತ ಕಥೆಯನ್ನೂ ಮುಚ್ಚಿಡಬಾರದು. ಸೂಯೆಜ್ ಬಳಿಯ ಪಡೆಯನ್ನು 1967ರ ಮೇ ತಿಂಗಳಲ್ಲಿ ಈಜಿಪ್ಟ್ ಹೊರಡಿರೆಂದಿತು. ಪಡೆ ಹೊರಟಿತು, ಜೂನಿನಲ್ಲಿ ಯುದ್ಧವಾಯಿತು. 1994ರ ಏಪ್ರಿಲ್‌ನಲ್ಲಿ ಆಫ್ರಿಕಾದ ರುವಾಂಡಾದಲ್ಲಿ ನೆರೆಯವನೇ ನೆರೆಯವನನ್ನು ಕೊಚ್ಚತೊಡಗಿದಾಗ, ಅಲ್ಲಿದ್ದ ಸುಮಾರು ಎರಡೂವರೆ ಸಾವಿರ ಶಾಂತಿ ಸೈನಿಕರಿಗೆ ಹೆಚ್ಚಿನ ಬಲ ಕಳಿಸುವುದರ ಬದಲು ಭದ್ರತಾ ಮಂಡಳಿ ಅವರನ್ನು ಇನ್ನೂರೆಪ್ಪತ್ತಕ್ಕೆ ಇಳಿಸಲು ನಿರ್ಣಯ ಮಾಡಿತು. ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನ ಸತ್ತರು. ನಡುವೆ ನಿಲ್ಲುವುದೆಂದರೆ ಸುಮ್ಮನೆ ನಿಲ್ಲುವುದಲ್ಲವೆಂದು ಜಗತ್ತು ಕಲಿತದ್ದು ಆ ಬೆಲೆ ತೆತ್ತು. 1988ರಲ್ಲಿ ಶಾಂತಿ ಪಡೆಗಳಿಗೆ ನೊಬೆಲ್ ಪ್ರಶಸ್ತಿ ಬಂದುದನ್ನು ಕಲಿಸುವ ಪಾಠ, ಆರೇ ವರ್ಷಗಳ ನಂತರದ ಈ ಸಂಗತಿಯನ್ನು ಬಿಟ್ಟುಬಿಟ್ಟರೆ ಅದು ಪಾಠವಲ್ಲ, ಭಾಷಣ.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ರುವಾಂಡಾದ ಮಾತು ಬಂದಾಗ ನಮ್ಮ ಮಕ್ಕಳು 'ಛೇ, ಎಂಥ ಜನ' ಎನ್ನುತ್ತಾರೆ. ಅನ್ನುವ ಮಗುವಿನ ಮುತ್ತಜ್ಜನ ಕಾಲದಲ್ಲಿ, ಇದೇ ಬೀದರ ಸೀಮೆಯಲ್ಲಿ ಏನಾಯಿತೆಂದು ಅದಕ್ಕೆ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಅರ್ಧ ಗೊತ್ತಿರುತ್ತದೆ.

ನಮ್ಮ ಸೀಮೆಯ ಜಗಳ ಭದ್ರತಾ ಮಂಡಳಿಯ ಮೇಜಿನ ಮೇಲೆ ಹೋಗಿತ್ತೆಂಬುದನ್ನು ಎಷ್ಟು ಶಾಲೆಗಳಲ್ಲಿ ಹೇಳುತ್ತಾರೆ? 1948ರ ಆಗಸ್ಟ್ 21ರಂದು ನಿಜಾಮ ಸರ್ಕಾರ ಭಾರತದ ವಿರುದ್ಧ ದೂರು ಕೊಟ್ಟಿತು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂದಿತು. ಸೆಪ್ಟೆಂಬರ್ 16ರಂದು ಪ್ಯಾರಿಸ್ ನಗರದಲ್ಲಿ ಕೂಡಿದ ಮಂಡಳಿ ಹೈದರಾಬಾದಿನ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಮರುದಿನ ನಿಜಾಮರು ಕದನ ನಿಲ್ಲಿಸಿದರು, ಕೆಲವೇ ದಿನಗಳಲ್ಲಿ ದೂರನ್ನು ಹಿಂತೆಗೆದುಕೊಳ್ಳುವುದಾಗಿ ತಂತಿ ಕಳಿಸಿದರು. ವಿಶ್ವಸಂಸ್ಥೆಯ ಪಾಠ ಮಾಡಲು ಇದಕ್ಕಿಂತ ಹತ್ತಿರದ ಉದಾಹರಣೆ ಎಲ್ಲಿದೆ? ನ್ಯೂಯಾರ್ಕ್, ಜಿನೀವಾ ಎನ್ನುವ ಮೊದಲು ನಾರಾಯಣಖೇಡ ಎನ್ನಬಹುದಲ್ಲ.

ಆ ಹೆಸರಿನ ಹಿಂದಿನ ಕಥೆ ಹೇಳಲು ಮಾತ್ರ ಧೈರ್ಯ ಬೇಕು. ರಜಾಕಾರರ ಹಾವಳಿಯ ಮೊದಲರ್ಧವನ್ನು ನಮ್ಮ ಮನೆಗಳಲ್ಲಿ ಹೇಳುತ್ತಲೇ ಬಂದಿದ್ದಾರೆ. ಹೇಳಲೇಬೇಕು ಕೂಡ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಕಡೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ಸುಮಾರು ಇನ್ನೂರು ಜನರನ್ನು ಕೊಂದರೆಂದು ಹಿರಿಯರು ಹೇಳುತ್ತಾರೆ. ಅಂಗಡಿ ಮನೆಗಳು ಲೂಟಿಯಾದವು. 2023ರಲ್ಲಿ ಅಲ್ಲಿ ಹುತಾತ್ಮರ ಸ್ಮಾರಕದ ಉದ್ಘಾಟನೆಯಾಯಿತು. (ವಿಶ್ವಸಂಸ್ಥೆ ತನ್ನ ಮೊದಲ ಶಾಂತಿ ವೀಕ್ಷಕರನ್ನು ಪ್ಯಾಲೆಸ್ಟೈನಿಗೆ ಕಳಿಸಲು ನಿರ್ಣಯಿಸಿದ್ದು ಅದೇ ಮೇ ತಿಂಗಳ 29ರಂದು. ಗೋರಟಾಕ್ಕೆ ಯಾವ ವೀಕ್ಷಕರೂ ಬರಲಿಲ್ಲ.)

ಎರಡನೆಯ ಅರ್ಧ ಸೆಪ್ಟೆಂಬರಿನ ನಂತರದ್ದು. ಪೊಲೀಸ್ ಆ್ಯಕ್ಷನ್ ಮುಗಿದ ವಾರಗಳಲ್ಲಿ ಬೀದರ, ಗುಲಬರ್ಗಾ, ಉಸ್ಮಾನಾಬಾದ, ನಾಂದೇಡ ಜಿಲ್ಲೆಗಳಲ್ಲಿ ಮುಸಲ್ಮಾನರ ಮೇಲೆ ಸೇಡಿನ ಹತ್ಯೆಗಳು ನಡೆದವು. ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲರನ್ನೂ ಇನ್ನಿಬ್ಬರನ್ನೂ ಕಳಿಸಿದರು. ಅವರು ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಊರೂರು ತಿರುಗಿ ವರದಿ ಕೊಟ್ಟರು. ರಾಜ್ಯದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರದವರೆಗೆ ಇರಬಹುದೆಂಬುದು ಅವರ ಅಂದಾಜು. ಅತ್ಯಂತ ಹೆಚ್ಚು ನಲುಗಿದ್ದು ಮೇಲೆ ಹೇಳಿದ ನಾಲ್ಕು ಜಿಲ್ಲೆಗಳೇ. ಆ ವರದಿ ದಶಕಗಳ ಕಾಲ ಬೀರುವಿನಲ್ಲಿತ್ತು. 2013ರಲ್ಲಿ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಸಾರ್ವಜನಿಕರ ಓದಿಗೆ ದೊರೆಯಿತು. ಸತ್ತವರೆಲ್ಲ ರಜಾಕಾರರಾಗಿದ್ದರೇ? ಇಲ್ಲ. ರಜಾಕಾರರೆಲ್ಲ ಮುಸಲ್ಮಾನರ ಹೆಸರಿನಲ್ಲಿ ಬಂದರು, ಆದರೆ ಮುಸಲ್ಮಾನರೆಲ್ಲ ಅವರ ಹಿಂದೆ ಇರಲಿಲ್ಲ. ಭಾರತದೊಡನೆ ಸೇರಬೇಕೆಂದು ಬರೆದ ಹೈದರಾಬಾದಿನ ಪತ್ರಿಕಾ ಸಂಪಾದಕ ಶೋಯಬುಲ್ಲಾ ಖಾನರನ್ನು ರಜಾಕಾರರು ಕೊಂದುಹಾಕಿದ್ದು ಅದೇ 1948ರ ಆಗಸ್ಟಿನಲ್ಲಿ, ಮಂಡಳಿಗೆ ದೂರು ಹೋದ ಹೊತ್ತಿನಲ್ಲೇ.

ಇದನ್ನು ನಮ್ಮ ಮಕ್ಕಳಿಗೆ ಹೇಳಬೇಕೇ? ಸದ್ಭಕ್ತರಲ್ಲಿ ಎರಡು ಆಕ್ಷೇಪಣೆಗಳಿವೆ, ಎರಡೂ ತೂಕದ ಮಾತುಗಳೇ. ಮೊದಲನೆಯದು, ಮಾಗಿದ ಗಾಯವನ್ನು ಕೆರೆಯುವುದೇಕೆ? ಎಪ್ಪತ್ತೈದು ವರ್ಷ ದಾಟಿತು, ಇಂದು ಅದೇ ಮನೆತನಗಳೊಡನೆ ಹೊಲ ಪಾಲಿಗೆ ಮಾಡುತ್ತೇವೆ, ಅಡತಿ ನಡೆಸುತ್ತೇವೆ. ಮೌನದಿಂದಲೇ ಊರು ಉಳಿದಿದೆ. ಈ ಮಾತಿನಲ್ಲಿ ಸತ್ಯವಿದೆಯೆಂದು ನಾವು ಒಪ್ಪುತ್ತೇವೆ. ಹಿರಿಯರ ಮೌನ ಹೇಡಿತನವಾಗಿರಲಿಲ್ಲ, ಮರುದಿನ ಅದೇ ಬಾವಿಯ ನೀರು ಸೇದಬೇಕಾದವರ ವಿವೇಕವಾಗಿತ್ತು. ಆದರೆ ಆ ಮೌನ ಇಂದು ಮೌನವಾಗಿ ಉಳಿದಿಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ ಮಗುವಿನ ಕೈಯ ಮೊಬೈಲಿಗೆ 1948ರ ಕಥೆ ಬರುತ್ತದೆ. ಕೆಲವರಿಗೆ ಬೇಕಾದ ಅರ್ಧ ಇವರ ಮನೆಗೆ, ಇನ್ನು ಕೆಲವರಿಗೆ ಬೇಕಾದ ಅರ್ಧ ಅವರ ಮನೆಗೆ. ಅಜ್ಜ ಹೇಳದಿದ್ದುದನ್ನು ಗುರುತಿಲ್ಲದವನು ಹೇಳುತ್ತಿದ್ದಾನೆ. ಹೇಳುವುದೋ ಬಿಡುವುದೋ ಎಂಬ ಆಯ್ಕೆ ಈಗ ನಮ್ಮ ಕೈಯಲ್ಲಿಲ್ಲ, ಯಾರು ಹೇಳಬೇಕೆಂಬುದಷ್ಟೇ ಉಳಿದಿದೆ.

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿ. ಮೊದಲು ಹೊಡೆದವರು ಯಾರು? ಅಧಿಕಾರದ ಬಲವಿದ್ದ ಸಶಸ್ತ್ರ ಪಡೆಯ ಹಾವಳಿಯನ್ನೂ, ನೊಂದವರು ಸಿಟ್ಟಿನಲ್ಲಿ ಮಾಡಿದ್ದನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ ಅನ್ಯಾಯವಲ್ಲವೇ? ಒಂದೇ ತೂಕವೆಂದು ನಾವು ಹೇಳುತ್ತಿಲ್ಲ. ಯಾವುದು ಎಷ್ಟು ತೂಗುತ್ತದೆಂದು ಓದಿ ಬೆಳೆದ ಮೇಲೆ ಮಗುವೇ ನೋಡಲಿ. ಆದರೆ ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಬರಬೇಕಾದ ಬಾಕಿಯನ್ನು ಮಾತ್ರ ಬರೆದು ಕೊಡಬೇಕಾದ ಬಾಕಿಯನ್ನು ಬರೆಯದ ಖಾತೆ ಪುಸ್ತಕವನ್ನು ಯಾರೂ ಖಾತೆಯೆನ್ನುವುದಿಲ್ಲ. ಗೋರಟಾದಲ್ಲಿ ಸತ್ತವರು ಹೇಗೆ ನಿರಪರಾಧಿಗಳೋ, ಅಕ್ಟೋಬರಿನಲ್ಲಿ ಸತ್ತ ನೇಕಾರ, ಗಾಣಿಗ, ಕೂಲಿಯವನೂ ಹಾಗೆಯೇ. ತಾನು ಮಾಡದ ತಪ್ಪಿಗೆ ಸತ್ತವನ ಲೆಕ್ಕದಲ್ಲಿ ಮೊದಲು, ಆಮೇಲೆ ಎಂಬುದಿಲ್ಲ. ರುವಾಂಡಾದಲ್ಲಿಯೂ ಕೊಂದವರು ತಾವು ಹಿಂದೆ ನೊಂದವರೆಂದೇ ಹೇಳಿಕೊಂಡರು. ಈ ಮಾತನ್ನು ಮಗುವಿಗೆ ಹೇಳದೆ ಶಾಂತಿ ಪಡೆಯ ಪಾಠ ಮಾಡಿದರೆ, ಬೇರೆಯವರು ಕೂಡಿ ಬಾಳಬೇಕು, ನಾವು ಮಾತ್ರ ನೆನಪಿಟ್ಟುಕೊಳ್ಳಬೇಕು ಎಂದು ಕಲಿಸಿದಂತಾಗುತ್ತದೆ.

ಸುಂದರಲಾಲರ ವರದಿಯಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ಹೇಳದೆ ಬಿಟ್ಟರೆ ಅದೂ ಅರ್ಧ ಕಥೆಯೇ. ಎಷ್ಟೋ ಊರುಗಳಲ್ಲಿ ಹಿಂದೂ ನೆರೆಯವರು ಮುಸಲ್ಮಾನರನ್ನು ಪ್ರಾಣದ ಹಂಗು ತೊರೆದು ಕಾಪಾಡಿದರೆಂದು ಸಮಿತಿ ಬರೆದಿದೆ. ಅದರಲ್ಲಿಯೂ ಒಂದೇ ಕಸುಬಿನವರ ಒಗ್ಗಟ್ಟು ಎದ್ದು ಕಂಡಿತು: ಹಿಂದೂ ನೇಕಾರರು ಮುಸಲ್ಮಾನ ನೇಕಾರರ ಪರ ನಿಂತರು. ಇವರಿಗೆ ನೀಲಿ ಟೋಪಿ ಇರಲಿಲ್ಲ, ನಿರ್ಣಯದ ಸಂಖ್ಯೆ ಇರಲಿಲ್ಲ, ಯಾವ ಮಂಡಳಿಯೂ ಇವರನ್ನು ಕಳಿಸಿರಲಿಲ್ಲ. ಶಾಂತಿ ಪಡೆಯೆಂದರೇನೆಂದು ಕೇಳಿದ ಮಗುವಿಗೆ ತೋರಿಸಬೇಕಾದ ಮೊದಲ ಚಿತ್ರ ಇವರದೇ ಎಂದು ನಮಗೆ ತೋರುತ್ತದೆ.

ಹೇಗೆ ಕಲಿಸುವುದು? ನಾವು ಶಿಕ್ಷಣ ಶಾಸ್ತ್ರಜ್ಞರಲ್ಲ, ಆದರೂ ಒಂದೆರಡು ಮಾತು. ಸೆಪ್ಟೆಂಬರ್ 17ನ್ನು ಹಿಡಿದು ಶುರು ಮಾಡಬಹುದು. ಗಡಿಯಾಚೆ ಕಲ್ಯಾಣ ಕರ್ನಾಟಕದಲ್ಲಿ ಅದು ವಿಮೋಚನೆಯ ನೆನಪಿನ ಉತ್ಸವ. ಲಾತೂರ, ನಾಂದೇಡದಲ್ಲಿ ಮರಾಠವಾಡಾ ಮುಕ್ತಿಸಂಗ್ರಾಮ ದಿನ. ತೆಲಂಗಾಣದಲ್ಲಿ 2022ರಲ್ಲಿ ರಾಜ್ಯ ಸರ್ಕಾರ ಅದನ್ನು ರಾಷ್ಟ್ರೀಯ ಸಮೈಕ್ಯತಾ ದಿನವೆಂದರೆ ಕೇಂದ್ರ ಸರ್ಕಾರ ಹೈದರಾಬಾದ್ ವಿಮೋಚನಾ ದಿನವೆಂದಿತು. 2024ರಲ್ಲಿ ರಾಜ್ಯದವರು ಪ್ರಜಾಪಾಲನಾ ದಿನವೆಂದರು. ಒಂದೇ ದಿನಕ್ಕೆ ಇಷ್ಟು ಹೆಸರು ಏಕೆ ಎಂದು ಹತ್ತನೆಯ ತರಗತಿಯ ಮಗುವನ್ನು ಕೇಳಿ ನೋಡಿರಿ. ಸಿರ್ಗಾಪುರದ ಮಗುವಿಗೆ ಮೂರೂ ರಾಜ್ಯಗಳಲ್ಲಿ ಬಂಧುಗಳಿರುತ್ತಾರೆ, ಮೂರು ಹೆಸರುಗಳನ್ನೂ ಅದು ಕೇಳಿರುತ್ತದೆ. ಹೈದರಾಬಾದ್ ನಗರದ ಮಗುವಿಗಿಲ್ಲದ ಅನುಕೂಲ ಇದು. ತರಗತಿಯಲ್ಲಿ ಒಂದು ಕಟ್ಟಳೆ ಇಡಬೇಕು: ಸತ್ತವರನ್ನು ಸತ್ತವರೆಂದೇ ಕರೆಯಬೇಕು, ಆ ದಿನದ ಪಾಠದಲ್ಲಿ ತರಗತಿಯ ಯಾವ ಮಗುವನ್ನೂ 'ನಿಮ್ಮವರು' ಎನ್ನಬಾರದು. ಪಕ್ಕದ ಬೆಂಚಿನಲ್ಲಿ ಕೂತ ಮುಸಲ್ಮಾನರ ಹುಡುಗ 1948ಕ್ಕೆ ಉತ್ತರ ಕೊಡಬೇಕಾದವನಲ್ಲ.

ಇದಕ್ಕೆ ಮೇಷ್ಟ್ರು ಒಬ್ಬರೇ ಸಾಲರು, ಮನೆಯವರೂ ಬೇಕು. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ನಮ್ಮ ಊರುಗಳಲ್ಲಿ ಅಂಥವರು ಬೆರಳೆಣಿಕೆಯಷ್ಟು ಉಳಿದಿದ್ದಾರೆ, ಇವರ ಓಣಿಯಲ್ಲಿಯೂ ಅವರ ಓಣಿಯಲ್ಲಿಯೂ. ಈ ವರ್ಷದ ರಾಶಿ ಮುಗಿದ ಮೇಲೆ ಒಂದು ಸಂಜೆ ಮಕ್ಕಳನ್ನು ಅವರ ಬಳಿ ಕೂಡಿಸಿರಿ. ಯಾರು ಯಾರನ್ನು ಹೊಡೆದರು ಎಂದು ಮೊದಲು ಕೇಳುವುದು ಬೇಡ. ಆ ರಾತ್ರಿಗಳಲ್ಲಿ ಯಾರ ಮನೆಯಲ್ಲಿ ಮಲಗಿದಿರಿ, ಯಾರು ರೊಟ್ಟಿ ತಂದು ಕೊಟ್ಟರು, ಹಗೇವಿನೊಳಗೆ ಬರೇ ಜೋಳವಿತ್ತೋ ಜನರೂ ಇದ್ದರೋ, ಊರು ಬಿಟ್ಟವರಲ್ಲಿ ಮರಳಿ ಬಂದವರು ಯಾರು, ಬಾರದವರ ಹೊಲವನ್ನು ಈಗ ಯಾರು ಉಳುತ್ತಿದ್ದಾರೆ ಎಂದು ಕೇಳಲಿ. ಹಿರಿಯರು ಹೇಳಿದ್ದನ್ನು ಮಕ್ಕಳು ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಉರ್ದುವಿನಲ್ಲಿಯೋ ಬರೆದಿಟ್ಟುಕೊಳ್ಳಲಿ. ಕೊನೆಯ ಪ್ರಶ್ನೆಗೆ ಹಿರಿಯರು ಉತ್ತರ ಕೊಡದೆ ಎದ್ದುಹೋದರೆ, ಎದ್ದುಹೋದರು ಎಂದೇ ಬರೆಯಲಿ.